ಹೆರಿಗೆಯ ನಂತರ ಮೂತ್ರ ಸೋರುತ್ತಿದೆಯೆ? ನಾಚಿಕೆ ಬೇಡ, ವ್ಯಾಯಾಮ ಬೇಕು

ಕಳೆದ ದ್ರಾಕ್ಷಿ ಹಂಗಾಮಿನಲ್ಲಿ ತಿಕೋಟಾ ಕಡೆಯ ಹಳ್ಳಿಯೊಂದರಿಂದ ಇಪ್ಪತ್ತಾರು ವರ್ಷದ ತಾಯಿಯೊಬ್ಬಳು ನಮ್ಮ ದವಾಖಾನೆಗೆ ಬಂದಿದ್ದಳು. ಐದು ತಿಂಗಳ ಕೂಸಿಗೆ ನೆಗಡಿ. ಜೊತೆಗೆ ಅತ್ತೆಯೂ ಬಂದಿದ್ದರು. ಕೂಸನ್ನು ಪರೀಕ್ಷಿಸಿ ಔಷಧ ಬರೆದುಕೊಟ್ಟೆ. ಚೀಟಿ ಕೈಗೆ ತೆಗೆದುಕೊಂಡರೂ ಆಕೆ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದಳು: ‘ಸಾಹೇಬ್ರ, ನನಗ ಕೆಮ್ಮಿದರ, ಸೀನಿದರ ಒಂದಕ್ಕ ತಡಿಯೂದಿಲ್ರಿ. ಸೀರಿ ಹಸಿ ಆಗತೈತ್ರಿ.’

ಅತ್ತೆ ಕೂಡಲೇ ನಡುವೆ ಬಾಯಿ ಹಾಕಿದರು: ‘ಹಡದ ಹೆಣ್ಮಕ್ಕಳಿಗೆ ಇದೇನ್ ಹೊಸಾದೇನ್ರಿ? ನನಗೂ ಇಪ್ಪತ್ತ ವರ್ಷದಿಂದ ಐತಿ. ಅದಕ್ಕೂ ಔಷಧ ಕೇಳತಾಳ ನೋಡ್ರಿ.’

ವಿಚಾರಿಸಿದಾಗ ಇನ್ನೂ ಕೆಲವು ಸಂಗತಿಗಳು ಹೊರಬಂದವು. ಒಣದ್ರಾಕ್ಷಿ ಶೆಡ್ಡಿನ ಕೆಲಸಕ್ಕೆ ಹೋಗುವುದನ್ನು ಆಕೆ ಬಿಟ್ಟಿದ್ದಳು. ಭಾರ ಎತ್ತಿದರೆ ಸೋರುತ್ತಿತ್ತು. ಜೊತೆಯವರಿಗೆ ವಾಸನೆ ಬಂದೀತೆಂಬ ಅಂಜಿಕೆ ಬೇರೆ. ಬಬಲೇಶ್ವರದಲ್ಲಿ ನಡೆದ ತಂಗಿಯ ಮದುವೆಗೆ ಹೋಗಿದ್ದರೂ ದಾರಿಯಲ್ಲಿ ತೊಂದರೆಯಾಗಬಾರದೆಂದು ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ. ಅದೂ ಕೂಸಿಗೆ ಹಾಲೂಡಿಸುವ ತಾಯಿ, ನಮ್ಮ ವಿಜಯಪುರದ ಬಿಸಿಲಿನಲ್ಲಿ! ಗಂಡನಿಗೆ ಈ ಯಾವುದೂ ತಿಳಿದಿರಲಿಲ್ಲ.

ಇಂಥ ತಾಯಂದಿರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಆದರೆ ಇದೊಂದೇ ತೊಂದರೆಗಾಗಿ ವೈದ್ಯರ ಬಳಿ ಬರುವವರು ತೀರ ವಿರಳ. ತಪ್ಪು ಅವರದೊಂದೇ ಅಲ್ಲ. ವೃತ್ತಿಯ ಮೊದಲ ಕೆಲವು ವರ್ಷ ನಾನೂ ಕೆಮ್ಮೆಂದು ಬಂದ ಬಾಣಂತಿಯ ಎದೆ ಪರೀಕ್ಷಿಸಿ ಕಳಿಸುತ್ತಿದ್ದೆನೇ ಹೊರತು, ‘ಕೆಮ್ಮಿದಾಗ ಮೂತ್ರ ಸೋರುತ್ತದೆಯೆ?’ ಎಂದು ಕೇಳುತ್ತಿರಲಿಲ್ಲ. ಈಗ ಕೇಳುತ್ತೇನೆ. ಕೇಳಿದಾಗ ‘ಹೌದ್ರಿ’ ಎನ್ನುವವರ ಸಂಖ್ಯೆ ನಿಮಗೆ ಆಶ್ಚರ್ಯ ಹುಟ್ಟಿಸೀತು.

ಇಂದಿನ ಲೇಖನದಲ್ಲಿ ಹೇಳಬೇಕಾದದ್ದು ಇಷ್ಟೆ: ಹೆರಿಗೆಯ ನಂತರ ಮೂತ್ರ ಸೋರುವುದು ಸಾಮಾನ್ಯ, ಆದರೆ ಅದು ಹಣೆಬರಹವಲ್ಲ. ಖರ್ಚಿಲ್ಲದ ಒಂದು ವ್ಯಾಯಾಮವನ್ನು ಸರಿಯಾಗಿ ಕಲಿತು, ಮೂರು ತಿಂಗಳು ಬಿಡದೆ ಮಾಡಿದರೆ ಬಹಳ ಮಂದಿಗೆ ಗುಣ ಕಾಣುತ್ತದೆ. ‘ಸರಿಯಾಗಿ’ ಮತ್ತು ‘ಮೂರು ತಿಂಗಳು’ ಎಂಬ ಎರಡು ಮಾತುಗಳನ್ನು ಮರೆಯಬೇಡಿ.

ಎಷ್ಟು ಮಂದಿಗೆ ಈ ತೊಂದರೆ?

ಜಗತ್ತಿನ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆರಿಗೆಯಾದ ಮೂವರು ತಾಯಂದಿರಲ್ಲಿ ಸುಮಾರು ಒಬ್ಬರಿಗೆ ಮೂತ್ರ ಸೋರುವ ತೊಂದರೆ ಇರುತ್ತದೆಂದು ಕಂಡುಬಂದಿದೆ. ಓದಿದವರು, ಓದದವರು, ಹೊಲದಲ್ಲಿ ದುಡಿಯುವವರು, ಕಚೇರಿಯಲ್ಲಿ ಕೂಡುವವರು ಎಂಬ ಭೇದ ಇದಕ್ಕಿಲ್ಲ. ‘ನನ್ನದು ಸಿಝೇರಿಯನ್ ಹೆರಿಗೆ, ನನಗೇಕೆ ಬಂತು?’ ಎಂದು ವಿಜಯಪುರ ನಗರದ ಬ್ಯಾಂಕ್ ಉದ್ಯೋಗಿಯೊಬ್ಬರು ಕೇಳಿದ್ದರು. ಸಿಝೇರಿಯನ್ ಆದವರಲ್ಲಿ ಇದರ ಪ್ರಮಾಣ ಕಡಿಮೆ ನಿಜ, ಆದರೆ ಇಲ್ಲವೆಂದೇನೂ ಅಲ್ಲ. ಒಂಬತ್ತು ತಿಂಗಳು ಗರ್ಭದ ಭಾರ ಹೊತ್ತದ್ದಂತೂ ಇಬ್ಬರಿಗೂ ಒಂದೇ ತಾನೆ?

ಏಕೆ ಹೀಗಾಗುತ್ತದೆ?

ನಮ್ಮ ಸೊಂಟದ ಎಲುಬುಗಳು ಸೇರಿ ತಳವಿಲ್ಲದ ಒಂದು ಬೋಗುಣಿಯ ಆಕಾರದಲ್ಲಿವೆ. ಆ ಬೋಗುಣಿಗೆ ತಳವಾಗಿ ನಿಂತಿರುವುದು ಸ್ನಾಯುಗಳ ಒಂದು ಪದರ. ಮುಂದಿನ ಎಲುಬಿನಿಂದ ಹಿಂದಿನ ಬಾಲಮೂಳೆಯವರೆಗೆ ಅದು ಜೋಲಿಯಂತೆ ಹರಡಿಕೊಂಡಿದೆ. ಕೂಸನ್ನು ಮಲಗಿಸಲು ಸೀರೆಯಿಂದ ಕಟ್ಟುವ ಜೋಲಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳ ಈ ಮೂರನ್ನೂ ಕೆಳಗಿನಿಂದ ಎತ್ತಿಹಿಡಿಯುವುದು ಈ ಜೋಲಿಯೇ. ಇವಕ್ಕೆ ಶ್ರೋಣಿತಳದ ಸ್ನಾಯುಗಳು ಎಂದು ಹೆಸರು. ಡಾಕ್ಟರುಗಳು ಪೆಲ್ವಿಕ್ ಫ್ಲೋರ್ ಎನ್ನುವುದು ಇದನ್ನೇ. ಸರಳವಾಗಿ ‘ತಳದ ಸ್ನಾಯು’ ಎಂದು ಕರೆಯೋಣ.

ಕೆಮ್ಮಿದಾಗ, ನಕ್ಕಾಗ, ಕೊಡ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಥಟ್ಟನೆ ಏರಿ ಮೂತ್ರಕೋಶದ ಮೇಲೆ ಬೀಳುತ್ತದೆ. ಆರೋಗ್ಯವಂತ ತಳದ ಸ್ನಾಯು ಅದೇ ಕ್ಷಣ ಬಿಗಿಯಾಗಿ ಮೂತ್ರನಾಳವನ್ನು ಮುಚ್ಚಿ ಹಿಡಿಯುತ್ತದೆ. ಹೆರಿಗೆಯಲ್ಲಿ ಕೂಸಿನ ತಲೆ ಹೊರಬರುವಾಗ ಈ ಸ್ನಾಯುವಿನ ಕೆಲವು ಭಾಗಗಳು ತಮ್ಮ ಉದ್ದದ ಸುಮಾರು ಮೂರು ಪಟ್ಟು ಹಿಗ್ಗುತ್ತವೆಂದು ಕಂಪ್ಯೂಟರ್ ಮಾದರಿಗಳ ಮೂಲಕ ಲೆಕ್ಕ ಹಾಕಿದ್ದಾರೆ. ಅಷ್ಟು ಹಿಗ್ಗಿದ ಜೋಲಿ ಸಡಿಲವಾಗುವುದು ಸಹಜ. ದಪ್ಪ ಕೂಸು, ತಾಸುಗಟ್ಟಲೆ ತಿಣುಕಿದ ಹೆರಿಗೆ, ಇಕ್ಕಳ ಹಾಕಿ ಮಾಡಿಸಿದ ಹೆರಿಗೆ, ಮೇಲಿಂದ ಮೇಲೆ ಬಸಿರು, ಅತಿಯಾದ ತೂಕ ಇವು ಅದನ್ನು ಇನ್ನಷ್ಟು ದುರ್ಬಲಗೊಳಿಸುತ್ತವೆ.

ಹೀಗೆ ಒತ್ತಡ ಬಿದ್ದಾಗ ಸೋರುವುದು ಮೊದಲನೆಯ ಬಗೆ. ಎರಡನೆಯದು ಅವಸರದ ಸೋರಿಕೆ. ಮೂತ್ರಕ್ಕೆ ಹೋಗಬೇಕೆನ್ನಿಸಿದೊಡನೆ ತಡೆಯಲಾಗದೆ ಬಚ್ಚಲು ಮುಟ್ಟುವ ಮೊದಲೇ ಆಗಿಬಿಡುತ್ತದೆ. ಕೆಲವರಲ್ಲಿ ಎರಡೂ ಇರುತ್ತವೆ. ನಿಮ್ಮದು ಯಾವ ಬಗೆಯೆಂದು ಗಮನಿಸಿ ವೈದ್ಯರಿಗೆ ಹೇಳಿದರೆ ಅರ್ಧ ರೋಗ ಪತ್ತೆಯಾದಂತೆ.

ವ್ಯಾಯಾಮದಿಂದ ನಿಜವಾಗಿ ಗುಣವಿದೆಯೆ?

ಸಡಿಲಾದ ತೋಳಿಗೆ ವ್ಯಾಯಾಮದಿಂದ ಬಲ ಬರುವಂತೆ ತಳದ ಸ್ನಾಯುವಿಗೂ ಬರುತ್ತದೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೇಗಲ್ ಅವರು 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದ ಮೇಲೆ ಅದಕ್ಕೆ ಅವರ ಹೆಸರೇ ನಿಂತಿತು. ಯೋಗ ಬಲ್ಲವರಿಗೆ ಮೂಲಬಂಧ ನೆನಪಾಗಬಹುದು. ಸ್ನಾಯುವನ್ನು ಮೇಲಕ್ಕೆ ಸೆಳೆಯುವುದರಲ್ಲಿ ಎರಡಕ್ಕೂ ಹೋಲಿಕೆಯಿದೆ. ಆದರೆ ಇಲ್ಲಿ ಉಸಿರು ಕಟ್ಟುವಂತಿಲ್ಲ.

ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಚಿಕಿತ್ಸೆಗಳ ಬಗೆಗಿನ ಪ್ರಯೋಗಗಳನ್ನೆಲ್ಲ ಜಾಲಾಡಿ ತೂಗಿ ನೋಡುತ್ತದೆ. 2018ರಲ್ಲಿ ಅದು 31 ಪ್ರಯೋಗಗಳ, 1,817 ಮಹಿಳೆಯರ ಮಾಹಿತಿಯನ್ನು ಪರಿಶೀಲಿಸಿತು. ಒತ್ತಡದ ಸೋರಿಕೆಯಿದ್ದವರಲ್ಲಿ ಈ ವ್ಯಾಯಾಮ ಮಾಡಿದ ನೂರಕ್ಕೆ 56 ಮಂದಿ ತಮಗೆ ಗುಣವಾಯಿತೆಂದರು. ಏನೂ ಮಾಡದವರಲ್ಲಿ ಹಾಗೆಂದವರು ನೂರಕ್ಕೆ ಆರು ಮಂದಿ ಮಾತ್ರ. ಇವರೆಲ್ಲರೂ ಹೊಸ ಬಾಣಂತಿಯರಲ್ಲ, ಬೇರೆ ಬೇರೆ ವಯಸ್ಸಿನವರು.

2020ರಲ್ಲಿ ಅದೇ ಸಂಸ್ಥೆ ಗರ್ಭಿಣಿ ಮತ್ತು ಬಾಣಂತಿಯರ ಬಗ್ಗೆ 21 ದೇಶಗಳ 46 ಪ್ರಯೋಗಗಳನ್ನು ನೋಡಿತು. ಸೋರಿಕೆ ಇಲ್ಲದಿದ್ದಾಗಲೇ, ಬಸಿರಿನ ಮೊದಲ ತಿಂಗಳುಗಳಿಂದ ವ್ಯಾಯಾಮ ಆರಂಭಿಸಿದವರಲ್ಲಿ ಬಸಿರಿನ ಕೊನೆಗೆ ಸೋರಿಕೆಯ ಸಂಭವ ಶೇ. 62ರಷ್ಟು ಕಡಿಮೆಯಾಗಿತ್ತು. ಹೆರಿಗೆಯಾಗಿ ಮೂರರಿಂದ ಆರು ತಿಂಗಳ ಹೊತ್ತಿಗೆ ಶೇ. 29ರಷ್ಟು ಕಡಿಮೆಯಿತ್ತು. ಹೆರಿಗೆಯ ನಂತರ ಸೋರಿಕೆ ಶುರುವಾದ ಮೇಲೆ ಆರಂಭಿಸಿದವರ ಬಗ್ಗೆ ಮಾತ್ರ ಅಷ್ಟು ಖಚಿತವಾದ ಅಂಕಿಗಳು ದೊರೆಯಲಿಲ್ಲ. ಆದರೂ ಔಷಧ, ಶಸ್ತ್ರಕ್ರಿಯೆಗಳ ಮಾತಿಗೆ ಮುನ್ನ ಮೊದಲ ಚಿಕಿತ್ಸೆಯಾಗಿ ಇದನ್ನೇ ಸೂಚಿಸುತ್ತಾರೆ. ಇದರಿಂದ ಒಂದು ಪಾಠ ಸ್ಪಷ್ಟ: ಮನೆಯಲ್ಲಿ ಬಸುರಿ ಸೊಸೆ ಅಥವಾ ಮಗಳಿದ್ದರೆ ಕುಬಸದ ಸೀರೆಯ ಜೊತೆಗೆ ಈ ವ್ಯಾಯಾಮವನ್ನೂ ಕಲಿಸಿ.

ಎಡವುವುದು ಎಲ್ಲಿ?

ಬಬಲೇಶ್ವರದ ಶಿಕ್ಷಕಿಯೊಬ್ಬರು ಆರು ತಿಂಗಳು ವ್ಯಾಯಾಮ ಮಾಡಿದರೂ ಗುಣವಿಲ್ಲವೆಂದು ಬೇಸರಪಟ್ಟುಕೊಂಡು ಬಂದಿದ್ದರು. ನಮ್ಮ ನರ್ಸಬಾಯಿ ಒಳಗೆ ಕರೆದೊಯ್ದು ಪರೀಕ್ಷಿಸಿದಾಗ ಕಾರಣ ತಿಳಿಯಿತು. ಅವರು ಸ್ನಾಯುವನ್ನು ಮೇಲಕ್ಕೆ ಸೆಳೆಯುವ ಬದಲು, ಮಲವಿಸರ್ಜನೆಗೆ ತಿಣುಕುವಂತೆ ಕೆಳಕ್ಕೆ ದಬ್ಬುತ್ತಿದ್ದರು! ಸಡಿಲಾದ ಜೋಲಿಯ ಮೇಲೆ ದಿನಕ್ಕೆ ಮೂರು ಸಲ ಇನ್ನಷ್ಟು ಭಾರ ಹೇರಿದಂತಾಗಿತ್ತು.

ಇದು ಅವರೊಬ್ಬರ ಕಥೆಯಲ್ಲ. 1991ರಲ್ಲಿ ಅಮೆರಿಕದಲ್ಲಿ 47 ಮಹಿಳೆಯರಿಗೆ ಈ ವ್ಯಾಯಾಮವನ್ನು ಬರೀ ಬಾಯಿಮಾತಿನಲ್ಲಿ ವಿವರಿಸಿ, ಮಾಡಿ ತೋರಿಸಲು ಹೇಳಿದರು. ಸರಿಯಾಗಿ ಮಾಡಿದವರು ಅರ್ಧದಷ್ಟು ಮಂದಿ. ನಾಲ್ವರಲ್ಲಿ ಒಬ್ಬರು ಸೋರಿಕೆಯನ್ನು ಹೆಚ್ಚಿಸಬಹುದಾದ ರೀತಿಯಲ್ಲೇ ಮಾಡುತ್ತಿದ್ದರು. ಆದ್ದರಿಂದ ಈ ಲೇಖನ ಓದಿದ್ದೇ ಸಾಕೆನ್ನಬೇಡಿ. ಒಮ್ಮೆಯಾದರೂ ಸ್ತ್ರೀರೋಗ ತಜ್ಞೆ, ತರಬೇತಾದ ನರ್ಸ್ ಅಥವಾ ಫಿಜಿಯೋಥೆರಪಿ ತಜ್ಞರಿಗೆ ತೋರಿಸಿ ಸರಿಯೋ ತಪ್ಪೋ ಖಚಿತ ಮಾಡಿಕೊಳ್ಳಿ.

ಸ್ನಾಯುವನ್ನು ಗುರುತಿಸುವುದು ಹೇಗೆ?

ಮೊದಲು ಮೂತ್ರ ಮಾಡಿ ಬನ್ನಿ. ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದಗಳನ್ನು ನೆಲಕ್ಕೆ ಊರಿ. ನಾಲ್ಕು ಜನರ ನಡುವೆ ಕುಳಿತಾಗ ವಾಯು ಹೊರಟುಬಿಟ್ಟೀತೆಂದು ಗುದದ್ವಾರವನ್ನು ಹೇಗೆ ಬಿಗಿ ಹಿಡಿಯುತ್ತೀರಿ? ಹಾಗೆಯೇ ಬಿಗಿ ಹಿಡಿಯಿರಿ. ಅದರ ಜೊತೆಗೆ ಮೂತ್ರವನ್ನೂ ತಡೆಯುತ್ತಿರುವಂತೆ ಯೋನಿಯ ಭಾಗವನ್ನು ಒಳಕ್ಕೆ ಮತ್ತು ಮೇಲಕ್ಕೆ ಸೆಳೆದುಕೊಳ್ಳಿ. ಆಗ ಒಳಗೆ ಏನೋ ಮೇಲೆದ್ದಂತೆ ಅನಿಸುವುದು ತಳದ ಸ್ನಾಯುವಿನದೇ ಕೆಲಸ.

ಸರಿಯಾಗಿದೆಯೆ ಎಂದು ಹೀಗೆ ಪರೀಕ್ಷಿಸಿಕೊಳ್ಳಿ:

* ಒಂದು ಕೈ ಹೊಟ್ಟೆಯ ಮೇಲಿರಲಿ. ಹೊಟ್ಟೆ ಉಬ್ಬಬಾರದು, ಕಲ್ಲಿನಂತೆ ಬಿಗಿಯಲೂಬಾರದು.
* ಕುಂಡೆ ಮತ್ತು ತೊಡೆಗಳು ಸಡಿಲವಾಗಿರಲಿ.
* ಉಸಿರು ಸರಾಗವಾಗಿ ಆಡುತ್ತಿರಲಿ. ಬಾಯಿಬಿಟ್ಟು ಎಣಿಸಿದರೆ ಉಸಿರು ಕಟ್ಟುವುದಿಲ್ಲ.
* ಬಾಗಿಲು ಹಾಕಿಕೊಂಡು ಕೈಗನ್ನಡಿಯಲ್ಲಿ ನೋಡಿ. ಯೋನಿ ಮತ್ತು ಗುದದ್ವಾರದ ನಡುವಿನ ಜಾಗ ಒಳಕ್ಕೆ ಸರಿಯಬೇಕು. ಹೊರಕ್ಕೆ ಉಬ್ಬಿದರೆ ನೀವು ತಿಣುಕುತ್ತಿದ್ದೀರಿ ಎಂದರ್ಥ, ನಿಲ್ಲಿಸಿ, ತೋರಿಸಿಕೊಳ್ಳಿ.

ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ನೋಡುವುದನ್ನು ಸ್ನಾಯು ಗುರುತಿಸಲು ಒಂದು ಸಲ ಮಾಡಿದರೆ ಅಡ್ಡಿಯಿಲ್ಲ. ಅದನ್ನೇ ದಿನದ ವ್ಯಾಯಾಮ ಮಾಡಿಕೊಳ್ಳಬೇಡಿ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಬೇರೆ ತೊಂದರೆ ಹುಟ್ಟಬಹುದು.

ವ್ಯಾಯಾಮದ ಕ್ರಮ

ನಿಧಾನದ ಬಿಗಿತ: ಸ್ನಾಯುವನ್ನು ಮೇಲಕ್ಕೆ ಸೆಳೆದು ಮೂರು ಎಣಿಸುವವರೆಗೆ ಹಿಡಿಯಿರಿ. ನಂತರ ಪೂರ್ತಿ ಸಡಿಲ ಬಿಟ್ಟು ಅಷ್ಟೇ ಹೊತ್ತು ವಿಶ್ರಾಂತಿ ಕೊಡಿ. ಸಡಿಲ ಬಿಡುವುದೂ ವ್ಯಾಯಾಮದ ಭಾಗವೇ. ಹೀಗೆ ಎಂಟು ಸಲ.

ಚುರುಕು ಬಿಗಿತ: ಥಟ್ಟನೆ ಸೆಳೆದು ಥಟ್ಟನೆ ಬಿಡಿ. ಹೀಗೆ ಹತ್ತು ಸಲ. ಕೆಮ್ಮು, ಸೀನು ಬಂದಾಗ ಉಪಯೋಗಕ್ಕೆ ಬರುವುದು ಈ ಚುರುಕುತನ.

ಇವೆರಡೂ ಸೇರಿ ಒಂದು ಸರದಿ. ದಿನಕ್ಕೆ ಮೂರು ಸರದಿ ಸಾಕು. ಒಂದಕ್ಕೆ ಐದು ನಿಮಿಷವೂ ಹಿಡಿಯದು. ವಾರದಿಂದ ವಾರಕ್ಕೆ ಹೀಗೆ ಮುಂದುವರಿಯಿರಿ:

* 1 ಮತ್ತು 2ನೇ ವಾರ: ಮಲಗಿಕೊಂಡು, ಮೂರು ಎಣಿಕೆ.
* 3 ಮತ್ತು 4ನೇ ವಾರ: ಕುಳಿತುಕೊಂಡು, ಐದು ಎಣಿಕೆ.
* 5ರಿಂದ 8ನೇ ವಾರ: ಕುಳಿತು ಮತ್ತು ನಿಂತು, ಎಂಟು ಎಣಿಕೆ.
* 9ರಿಂದ 12ನೇ ವಾರ: ನಿಂತುಕೊಂಡು, ಹತ್ತು ಎಣಿಕೆ, ಹತ್ತು ಸಲ.

ಇದು ಎಲ್ಲರಿಗೂ ಒಂದೇ ಎಂಬ ಕಟ್ಟುನಿಟ್ಟಿಲ್ಲ. ಸ್ನಾಯು ಸೋತು ಹಿಡಿತ ಜಾರಿದರೆ ಹಿಂದಿನ ವಾರದ ಎಣಿಕೆಗೇ ಮರಳಿ. ನೂರಾರು ಸಲ ಮಾಡಿದರೆ ಬೇಗ ಗುಣವಾಗುವುದೆಂದು ತಿಳಿಯಬೇಡಿ. ದಣಿದ ಸ್ನಾಯುವಿಗೆ ಬಲ ಬರುವುದಿಲ್ಲ.

ಕೆಮ್ಮುವ ಮುನ್ನ ಒಂದು ಉಪಾಯ

ಕೆಮ್ಮು ಬರುತ್ತಿದೆ, ಸೀನು ಬರುತ್ತಿದೆ, ಕೂಸನ್ನು ಎತ್ತಬೇಕಾಗಿದೆ ಎಂದು ತಿಳಿದ ಕ್ಷಣವೇ ಮೊದಲು ತಳದ ಸ್ನಾಯುವನ್ನು ಬಿಗಿ ಹಿಡಿಯಿರಿ, ಆಮೇಲೆ ಕೆಮ್ಮಿ. ಎತ್ತಿ ಮುಗಿಯುವವರೆಗೆ ಹಿಡಿತ ಬಿಡಬೇಡಿ. 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸಾಧಾರಣ ಮಟ್ಟದ ಸೋರಿಕೆಯಿದ್ದ 27 ಹಿರಿಯ ಮಹಿಳೆಯರಿಗೆ ಈ ಉಪಾಯ ಕಲಿಸಿ ಒಂದು ವಾರದ ನಂತರ ಪರೀಕ್ಷಿಸಿದರು. ಮಧ್ಯಮ ಕೆಮ್ಮಿಗೆ ಸೋರುವ ಪ್ರಮಾಣ ಶೇ. 98ರಷ್ಟು, ಜೋರು ಕೆಮ್ಮಿಗೆ ಶೇ. 73ರಷ್ಟು ತಗ್ಗಿತ್ತು. ಸ್ನಾಯುವಿಗೆ ಬಲ ಬರಲು ತಿಂಗಳುಗಳು ಬೇಕು. ಈ ಉಪಾಯದ ಫಲ ಮಾತ್ರ ಅದಕ್ಕೂ ಮೊದಲೇ ಸಿಗುತ್ತದೆ.

ಅವಸರದ ಸೋರಿಕೆ ಇರುವವರಿಗೆ

ಮೂತ್ರದ ಅವಸರ ಎದ್ದ ತಕ್ಷಣ ಓಡಬೇಡಿ. ನಿಂತಲ್ಲೇ ನಿಂತು ಅಥವಾ ಕುಳಿತು ಐದಾರು ಚುರುಕು ಬಿಗಿತ ಮಾಡಿ. ಅವಸರ ಕೊಂಚ ಇಳಿದ ಮೇಲೆ ಸಾವಕಾಶವಾಗಿ ನಡೆದು ಹೋಗಿ. ಈಗ ಗಂಟೆಗೊಮ್ಮೆ ಹೋಗುತ್ತಿದ್ದರೆ ಕೆಲವು ದಿನ ಕಾಲು ಗಂಟೆ ಮುಂದೂಡಿ. ಅದು ರೂಢಿಯಾದ ಮೇಲೆ ಇನ್ನೊಂದು ಕಾಲು ಗಂಟೆ. ಎರಡೂವರೆ ಮೂರು ಗಂಟೆಯ ಅಂತರಕ್ಕೆ ಬರುವುದು ಗುರಿ. ಇದಕ್ಕೆ ಕನಿಷ್ಠ ಆರು ವಾರ ಬೇಕು. ಚಹಾ, ಕಾಫಿ ಕಡಿಮೆ ಮಾಡಿದರೂ ಅನುಕೂಲವಾಗುತ್ತದೆ.

ಯಾವಾಗ ಆರಂಭಿಸಬೇಕು?

ಸಹಜ ಹೆರಿಗೆಯಾದವರು ಮೂತ್ರ ಸರಾಗವಾಗಿ ಆಗತೊಡಗಿದ ಮೇಲೆ, ನೋವಿಲ್ಲದಿದ್ದರೆ, ಒಂದೆರಡು ದಿನದಲ್ಲೇ ಮೆಲ್ಲಗೆ ಶುರು ಮಾಡಬಹುದು. ಸಿಝೇರಿಯನ್ ಆದವರು ಮೂತ್ರದ ಕೊಳವೆ ತೆಗೆದ ಮೇಲೆ ಆರಂಭಿಸಬಹುದು. ಕೊಳವೆ ಇರುವಾಗ ಬೇಡ. ಹೆರಿಗೆಯಲ್ಲಿ ಗುದದ್ವಾರದವರೆಗೆ ಹರಿದು ಹೊಲಿಗೆ ಬಿದ್ದವರು ತಮ್ಮ ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಹೊಟ್ಟೆ ಕರಗಿಸುವ ಆತುರದಲ್ಲಿ ಮೊದಲ ತಿಂಗಳುಗಳಲ್ಲೇ ಮಲಗಿ ಏಳುವ ಕಸರತ್ತು ಮಾಡಬೇಡಿ. ಅದರ ಒತ್ತಡವೆಲ್ಲ ತಳಕ್ಕೇ ಬೀಳುತ್ತದೆ. ನಡಿಗೆ ಒಳ್ಳೆಯದು.

‘ಹೆರಿಗೆಯಾಗಿ ವರ್ಷಗಳೇ ಕಳೆದವು, ಇನ್ನೇನು ಮಾಡುವುದು?’ ಎನ್ನುವವರಿಗೂ ಅಡ್ಡಿಯಿಲ್ಲ. ಇಂದೇ ಆರಂಭಿಸಿ.

ನಿತ್ಯದ ಕೆಲಸಕ್ಕೆ ಹೊಂದಿಸಿಕೊಳ್ಳಿ

ವ್ಯಾಯಾಮ ಬಿಟ್ಟುಹೋಗುವುದು ಸೋಮಾರಿತನದಿಂದಲ್ಲ, ನೆನಪಿಲ್ಲದೆ. ಅದಕ್ಕಾಗಿ ದಿನದ ಯಾವುದಾದರೂ ಕೆಲಸಕ್ಕೆ ಅದನ್ನು ಗಂಟು ಹಾಕಿ. ಬೆಳಿಗ್ಗೆ ಕೂಸಿಗೆ ಹಾಲೂಡಿಸುವಾಗ ಒಂದು ಸರದಿ, ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿದ ಮೇಲೆ ಒಂದು, ರಾತ್ರಿ ಮಲಗುವ ಮುನ್ನ ಒಂದು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನಕ್ಕೆ ಮೂರು ಗೀಟು ಹಾಕಿ. ಮೊದಲ ಮೂರು ನಾಲ್ಕು ವಾರ ಏನೂ ವ್ಯತ್ಯಾಸ ಕಾಣದು. ಬಹಳ ಮಂದಿ ಕೈಬಿಡುವುದು ಇಲ್ಲಿಯೇ. ಹನ್ನೆರಡು ವಾರ ತುಂಬುವವರೆಗೆ ಗೀಟು ತಪ್ಪಿಸಬೇಡಿ. ಗುಣವಾದ ಮೇಲೂ ದಿನಕ್ಕೊಂದು ಸರದಿ ಇರಲಿ.

ನೆಲೆ ಬಿದ್ದ ಕೆಲವು ರೂಢಿಗಳು

ಬಾಣಂತಿ ನೀರು ಕುಡಿಯಬಾರದು ಎಂಬ ನಂಬಿಕೆ ನಮ್ಮ ಭಾಗದಲ್ಲಿ ಇನ್ನೂ ಇದೆ. ಸೋರಿಕೆಯ ಅಂಜಿಕೆಯೂ ಸೇರಿದರೆ ತಾಯಿ ನೀರನ್ನೇ ಬಿಟ್ಟುಬಿಡುತ್ತಾಳೆ. ಇದರಿಂದ ಮೂತ್ರ ಗಾಢವಾಗಿ ಉರಿ ಹುಟ್ಟುತ್ತದೆ, ಸೋಂಕಿಗೆ ದಾರಿಯಾಗುತ್ತದೆ, ಮಲ ಗಟ್ಟಿಯಾಗುತ್ತದೆ. ಗಟ್ಟಿ ಮಲಕ್ಕೆ ತಿಣುಕಿದಷ್ಟೂ ತಳದ ಸ್ನಾಯು ಸಡಿಲವಾಗುತ್ತದೆ. ಬಾಯಾರಿಕೆ ಆದಾಗಲೆಲ್ಲ ನೀರು ಕುಡಿಯಿರಿ. ಮೂತ್ರ ತಿಳಿ ಹಳದಿಯಾಗಿದ್ದರೆ ನೀರು ಸಾಕಾಗಿದೆ ಎಂದು ತಿಳಿಯಿರಿ. ಸೊಪ್ಪು, ತರಕಾರಿ, ಹಣ್ಣನ್ನೂ ಬಾಣಂತಿಯ ತಾಟಿನಿಂದ ದೂರ ಇಡಬೇಡಿ.

ಬಾಣಂತಿ ಕೋಣೆಗೆ ಹೊಗೆ ಹಾಕುವುದು, ಒಲೆಯ ಹೊಗೆ, ಹಲ್ಲಿಗೆ ಮಿಶ್ರಿ ತಿಕ್ಕುವ ಚಟ ಇವು ತಾಯಿಗೂ ಕೂಸಿಗೂ ಒಳ್ಳೆಯವಲ್ಲ. ಹೊಗೆಯಿಂದ ಕೆಮ್ಮು ನಿಲ್ಲದಿದ್ದರೆ ಸೋರಿಕೆಯೂ ನಿಲ್ಲುವುದಿಲ್ಲ. ಹೊಟ್ಟೆಗೆ ಬಟ್ಟೆ ಕಟ್ಟಿದರೆ ಸೊಂಟಕ್ಕೆ ಹಿತವೆನ್ನಿಸಬಹುದು, ಆದರೆ ಅದು ತಳದ ಸ್ನಾಯುವಿಗೆ ಬಲ ಕೊಡದು. ತೀರ ಬಿಗಿಯಾಗಿ ಕಟ್ಟಬೇಡಿ. ತುಂಬಿದ ಕೊಡ, ದ್ರಾಕ್ಷಿ ಕ್ರೇಟು, ಮೇವಿನ ಹೊರೆ ಹೊರುವ ಕೆಲಸವನ್ನು ಮೊದಲ ಕೆಲವು ತಿಂಗಳು ಮನೆಯ ಗಂಡಸರು ವಹಿಸಿಕೊಳ್ಳಲಿ. ಇದನ್ನು ದಯೆ ಎನ್ನಬೇಡಿ, ಚಿಕಿತ್ಸೆಯ ಒಂದು ಭಾಗ ಎನ್ನಿ.

ಯಂತ್ರಗಳು ಬೇಕೆ?

ಸ್ನಾಯುವಿನ ಬಿಗಿತವನ್ನು ಪರದೆಯ ಮೇಲೆ ತೋರಿಸುವ ಯಂತ್ರಗಳು ಬಂದಿವೆ. ಬ್ರಿಟನ್ನಿನಲ್ಲಿ 600 ಮಹಿಳೆಯರ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಯಂತ್ರ ಬಳಸಿ ವ್ಯಾಯಾಮ ಮಾಡಿದವರಿಗೂ, ಯಂತ್ರವಿಲ್ಲದೆ ಮಾಡಿದವರಿಗೂ ಎರಡು ವರ್ಷದ ನಂತರ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿಗೆ ಕಲಿಸಿದವರು ತರಬೇತಾದ ಚಿಕಿತ್ಸಕರೇ. ಸರಿಯಾಗಿ ಕಲಿಸುವವರಿದ್ದರೆ ಸಾಮಾನ್ಯವಾಗಿ ಯಂತ್ರದ ಖರ್ಚು ಬೇಡ.

ಎಚ್ಚರ! ಇವು ವ್ಯಾಯಾಮಕ್ಕೆ ಬಗ್ಗುವ ತೊಂದರೆಗಳಲ್ಲ

ಕೆಳಗಿನ ಲಕ್ಷಣಗಳಿದ್ದರೆ ವ್ಯಾಯಾಮ ಮಾಡುತ್ತ ದಿನ ಕಳೆಯಬೇಡಿ. ಕೂಡಲೇ ವೈದ್ಯರನ್ನು ಕಾಣಿ.

* ಕೆಮ್ಮದೆ, ನಗದೆ, ಹಗಲು ರಾತ್ರಿ ಎಡೆಬಿಡದೆ ಮೂತ್ರ ಹನಿಯುತ್ತಿದ್ದರೆ. ಬಹಳ ಹೊತ್ತು ನಡೆದ ಕಷ್ಟದ ಹೆರಿಗೆಯಲ್ಲಿ ಅಥವಾ ಶಸ್ತ್ರಕ್ರಿಯೆಯಲ್ಲಿ ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರ ಬಿದ್ದಿರಬಹುದು. ಇದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಬೇಗ ಬಂದರೆ ಸಣ್ಣ ರಂಧ್ರ ಕೆಲವೊಮ್ಮೆ ಮೂತ್ರದ ಕೊಳವೆ ಇಟ್ಟಷ್ಟರಿಂದಲೇ ಮುಚ್ಚಿಕೊಳ್ಳುತ್ತದೆ. ಉಳಿದವಕ್ಕೆ ಶಸ್ತ್ರಕ್ರಿಯೆ ಇದೆ. ಇಂಥ ತಾಯಿಯನ್ನು ಮೂಲೆಗೆ ಕೂಡಿಸುವುದು ಘೋರ ತಪ್ಪು.
* ಹೆರಿಗೆಯಾಗಿ ಅಥವಾ ಕೊಳವೆ ತೆಗೆದು ಆರು ಗಂಟೆಯಾದರೂ ಮೂತ್ರ ಆಗದಿದ್ದರೆ, ಇಲ್ಲವೆ ಹನಿಹನಿಯಾಗಿ ಮಾತ್ರ ಆಗುತ್ತಿದ್ದರೆ. ತುಂಬಿ ತುಳುಕುವ ಮೂತ್ರಕೋಶವೂ ಸೋರುತ್ತದೆ.
* ಉರಿಮೂತ್ರ, ಜ್ವರ, ನಡುಕ, ಮೂತ್ರದಲ್ಲಿ ರಕ್ತ ಇದ್ದರೆ.
* ಮಲ ಅಥವಾ ವಾಯು ತಡೆಯಲಾಗದಿದ್ದರೆ.
* ಯೋನಿಯಿಂದ ಗಡ್ಡೆಯಂತೆ ಏನಾದರೂ ಹೊರಗೆ ಇಳಿದಂತಿದ್ದರೆ.
* ಬೆನ್ನುನೋವಿನ ಜೊತೆಗೆ ಕಾಲಿನ ಶಕ್ತಿ ಕುಂದಿ, ಕೂಡುವ ಜಾಗ ಮರಗಟ್ಟಿದ್ದರೆ.

ಎಲ್ಲಿ ಕೇಳಬೇಕು?

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಕೂಸನ್ನು ನೋಡಲು ಮನೆಗೆ ಬರಬೇಕೆಂಬ ನಿಯಮವಿದೆ. ಆಕೆ ನಿಮ್ಮ ಊರಿನವಳೇ, ಹೆಣ್ಣುಮಗಳೇ. ಆಕೆಯ ಮುಂದೆ ಬಾಯಿ ಬಿಡಿ. ಆರು ವಾರಕ್ಕೆ ಪರೀಕ್ಷೆಗೆ ಹೋದಾಗ ಕೂಸಿನ ತೂಕ ಕೇಳುವಷ್ಟೇ ಸಹಜವಾಗಿ ಇದನ್ನೂ ಕೇಳಿ. ತಿಕೋಟಾ, ಬಬಲೇಶ್ವರದ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲು ತೋರಿಸಬಹುದು. ಹೆಚ್ಚಿನ ಪರೀಕ್ಷೆಗೆ ವಿಜಯಪುರದ ಜಿಲ್ಲಾ ಆಸ್ಪತ್ರೆ, ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಮೂರು ತಿಂಗಳು ಸರಿಯಾಗಿ ಮಾಡಿಯೂ ಗುಣ ಕಾಣದಿದ್ದರೆ ಸ್ತ್ರೀರೋಗ ತಜ್ಞರು ಮೂತ್ರ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿ, ಒಳಗೆ ಇಡುವ ಬಳೆ, ಔಷಧ ಅಥವಾ ಶಸ್ತ್ರಕ್ರಿಯೆಯ ಬಗ್ಗೆ ಹೇಳುತ್ತಾರೆ. ಶಸ್ತ್ರಕ್ರಿಯೆಯನ್ನು ಸಾಮಾನ್ಯವಾಗಿ ಮಕ್ಕಳು ಸಾಕೆಂದ ಮೇಲೆ ಮಾಡುವುದು ಲೇಸು.

ತಿಕೋಟಾ ಕಡೆಯ ಆ ತಾಯಿಗೆ ನಮ್ಮ ನರ್ಸಬಾಯಿ ವ್ಯಾಯಾಮ ಕಲಿಸಿ ಕಳಿಸಿದರು. ಆಕೆಯ ಗಂಡನನ್ನೂ ಕರೆಸಿ ನಾನು ಮಾತಾಡಿದೆ. ಮೂರೂವರೆ ತಿಂಗಳ ಮೇಲೆ ಕೂಸಿಗೆ ಲಸಿಕೆ ಹಾಕಿಸಿಕೊಂಡು ಹಾಗೇ ಬಂದಿದ್ದಳು. ‘ಪೂರಾ ಹೋಗಿಲ್ರಿ, ಜೋರ ಸೀನ ಬಂದರ ಒಂದೀಟ ಆಗತೈತಿ. ಆದರ ಮಗನ ಜವಳಕ್ಕ ಬಬಲೇಶ್ವರಕ್ಕ ಹೋಗಿ ಬಂದ್ನಿರಿ, ದಾರ್‍ಯಾಗ ನೀರೂ ಕುಡದ್ನಿ’ ಎಂದು ನಕ್ಕಳು.

ಅತ್ತೆ ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: ‘ನನ್ನಂಥಾ ವಯಸ್ಸಾದಾಕಿಗೂ ಇದು ನಡಿತೈತೇನ್ರಿ?’

ನಡೆಯುತ್ತದೆ ತಾಯಿ, ಖಂಡಿತ ನಡೆಯುತ್ತದೆ. ಸೊಸೆಯ ಜೊತೆ ಕುಳಿತು ಎಣಿಸಿ ಎಂದೆ. ಈ ಲೇಖನ ಓದಿದ ಮನೆಗಳಲ್ಲಿಯೂ ಹಾಗೆಯೇ ಆಗಲಿ. ಪತ್ರಿಕೆಯನ್ನು ಮಡಚಿಡುವ ಮುನ್ನ ಮನೆಯ ಹೆಣ್ಣುಮಕ್ಕಳನ್ನು ಒಮ್ಮೆ ಕೇಳಿ ನೋಡಿ.